ಐದನೇ ನಂಬರಿನ ಸೊಸೆ

ಬೇರೆಯವರ ಮನೆಯಲ್ಲಿ ನಗುವಂಥದ್ದು ಎಂದೋ ಒಮ್ಮೆ ನಡೆಯುತ್ತದೆ, ಅದನ್ನೇ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಾರೆ. ನಮ್ಮ ಮನೆಯಲ್ಲಿ ದಿನಾ ಸಂಜೆ ಏಳಕ್ಕೆ ಏನಾದರೊಂದು ನಡೆದೇ ನಡೆಯುತ್ತಿತ್ತು. ಯಾಕೆಂದರೆ ದಿನಾ ಸಂಜೆ ಏಳಕ್ಕೆ ನಮ್ಮ ಮಾವನವರು ನಮ್ಮನ್ನೆಲ್ಲ ನಿಲ್ಲಿಸಿ ಎಣಿಸುತ್ತಿದ್ದರು.

ಮಾವನವರು ಧಾರವಾಡದ ಕಡೆಯ ಹಳ್ಳಿಯವರು. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ಹೊರಬಂದರು. ಆಮೇಲೆ ಗೋವಾಕ್ಕೆ ಬಂದು ಮ್ಹಾಪಸಾ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟರು. ತೊಂಬತ್ತಕ್ಕೆ ಎರಡೇ ವರ್ಷ ಇದ್ದಾಗ ತೀರಿಕೊಂಡರು. ಸೈನ್ಯ ಬಿಟ್ಟು ನಲವತ್ತು ವರ್ಷ ದಾಟಿದ್ದರೂ ಸೈನ್ಯ ಅವರನ್ನು ಬಿಟ್ಟಿರಲಿಲ್ಲ, ಅವರ ಮೂಲಕ ನಮ್ಮನ್ನೂ ಬಿಟ್ಟಿರಲಿಲ್ಲ.

ಅವರು ಹೋಗಿ ಐದು ತಿಂಗಳಾಯಿತು. ಈಗಲೂ ಏಳು ಆದರೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ವರಾಂಡಕ್ಕೆ ಹೋಗುತ್ತೇನೆ. ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿ ಒಳಗೆ ಬರುತ್ತೇನೆ. ಪಲ್ಯ ಸೀದು ಹೋಗಿರುತ್ತದೆ.

ನಂಬರು ಕೊಟ್ಟಿದ್ದು

ನಾನು ಹುಬ್ಬಳ್ಳಿಯಿಂದ ಮದುವೆಯಾಗಿ ಬಂದ ದಿನದ ಮಾತು. ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಕಾಲಿನಿಂದ ದೂಡಿ ಒಳಗೆ ಬಂದು ಇನ್ನೂ ಒಂದು ತಾಸಾಗಿರಲಿಲ್ಲ. ಹೊರಗಿನಿಂದ ದೊಡ್ಡ ದನಿ ಬಂತು: "ಏಳಾತು! ಎಲ್ಲಾರೂ ಹೊರಗ ಬರ್ರಿ!"

ಬೆಂಕಿ ಬಿದ್ದಿರಬೇಕು ಎಂದುಕೊಂಡು ಸೆರಗು ಕಟ್ಟಿ ಓಡಿದೆ. ವರಾಂಡದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಮಾವನವರು ನಮಗೆ ಬೆನ್ನು ಹಾಕಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. "ಒಂದು!" ಎಂದರು. ಅತ್ತೆ "ಎರಡು" ಎಂದರು. ನನ್ನ ಗಂಡ "ಮೂರು" ಎಂದರು. ನಾದಿನಿ "ನಾಲ್ಕು" ಎಂದಳು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ನಾದಿನಿ ನನ್ನ ಕಿವಿಯಲ್ಲಿ, "ವೈನಿ, ಐದು ಅನ್ರಿ. ಇನ್ನ ಮ್ಯಾಲ ನಿಮ್ಮ ನಂಬರ್ ಅದ" ಎಂದಳು.

ಮನೆಗೆ ಬಂದ ಮೊದಲ ದಿನವೇ ಮಾವನ ಮುಂದೆ ಬಾಯಿ ಬಿಟ್ಟು ಕೂಗುವುದೆಂದರೆ ಹೇಗೆ? ನನ್ನ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಮಾವನವರು ತಿರುಗದೆಯೇ ಕೇಳಿದರು: "ಐದು ಇನ್ನೂ ಹುಬ್ಬಳ್ಳ್ಯಾಗ ಐತೇನು?"

ಅವತ್ತು ಅತ್ತುಬಿಟ್ಟೆ. ಮರುದಿನವೂ ಅಳುವೇ. ಮೂರನೆಯ ದಿನ ಇಲಿಮರಿಯ ದನಿಯಲ್ಲಿ "ಐದು" ಎಂದೆ. ಮಾವನವರು ಸಮಾಧಾನದಿಂದ ತಲೆ ಆಡಿಸಿ ಹೇಳಿದರು: "ಹಾಂ. ಈಗ ಮದುವಿ ಆತು."

ಈ ಎಣಿಕೆ ಯಾಕೆ ಎಂದು ಅತ್ತೆಯನ್ನು ಕೇಳಿದ್ದೆ. ಅವರು ಕೊತ್ತಂಬರಿ ಸೋಸುತ್ತ ಹೇಳಿದರು. ಹಿಮದ ಗುಡ್ಡದಲ್ಲಿ ಒಂದು ಸಂಜೆ ಎಣಿಸುವುದು ಬಿಟ್ಟುಹೋಗಿತ್ತಂತೆ. ಒಬ್ಬ ಸಿಪಾಯಿ ಮೇಲೆಯೇ ಉಳಿದ. ಬೆಳಗ್ಗೆ ಸಿಕ್ಕ, ಬದುಕಿದ, ಆದರೆ ಕಾಲಿನ ಎರಡು ಬೆರಳು ಹೋದವು. "ಅವತ್ತಿಂದ ನೋಡವಾ, ಎಣಿಸಿದ ಹೊರ್ತು ಊಟಕ್ಕ ಕೂಡಂಗಿಲ್ಲ" ಎಂದರು. ಅಲ್ಲಿ ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲವಂತೆ, ಅದಕ್ಕೇ ಕಿವಿಯಿಂದ ಎಣಿಸುವ ರೂಢಿ, ಅದಕ್ಕೇ ನಮಗೆ ಬೆನ್ನು. ಅದನ್ನು ಕೇಳಿದ ಮೇಲೆ ನನ್ನ ದನಿ ಸ್ವಲ್ಪ ದೊಡ್ಡದಾಯಿತು.

ಸೀರೆಯ ಸರ್ವಿಸ್

ಅಂಗಡಿಯಲ್ಲಿ ಎಲ್ಲರೂ ಹೊಸ ಮಾಲನ್ನು ಮುಂದೆ ಇಡುತ್ತಾರೆ. ನಮ್ಮ ಮಾವನವರು ಹಳೆಯದನ್ನು ಮುಂದೆ ಇಡುತ್ತಿದ್ದರು. ಯಾವ ಸೀರೆ ಮೊದಲು ಬಂತೋ ಅದಕ್ಕೆ ಮೊದಲ ಸ್ಥಾನ. ಹೊಸದಾಗಿ ಬಂದದ್ದು ಹಿಂದಿನ ಕಪಾಟಿಗೆ.

ಒಂದು ಶುಕ್ರವಾರ, ಸಂತೆಯ ದಿನ, ದಾಬೋಲಿಮ್‌ನಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮ ವಿಜಯಪುರದ ಕಡೆಯ ತಾಯಿ ಮಗಳು ಮದುವೆ ಸೀರೆಗೆಂದು ಬಂದರು. ಮಗಳು, "ಅಜ್ಜಾರ, ಹೊಸಾ ಡಿಜೈನ್ ತೋರಸ್ರಿ" ಎಂದಳು.

"ಅವು ಮೊನ್ನೆ ಭರ್ತಿ ಆಗ್ಯಾವ. ಮೊದಲ ಸೀನಿಯರ್ ನೋಡ್ರಿ" ಎಂದು ಮಾವನವರು ಒಂಬತ್ತು ವರ್ಷದಿಂದ ಮುಂದಿನ ಸಾಲಿನಲ್ಲೇ ಕೂತಿದ್ದ ಇಳಕಲ್ ಸೀರೆಯನ್ನು ಬಿಚ್ಚಿದರು. ನನ್ನ ಗಂಡ ಹಣೆ ಒತ್ತಿಕೊಂಡರು. ಆದರೆ ಆ ತಾಯಿ ಸೀರೆಯ ಸೆರಗನ್ನು ಕೆನ್ನೆಗೆ ಹಚ್ಚಿ, "ನಮ್ಮವ್ವ ಇಂಥಾದ್ದ ಉಡತಿದ್ಲರಿ" ಎಂದು ಅಲ್ಲೇ ಕಣ್ಣು ಒರೆಸಿಕೊಂಡಳು. ಅದನ್ನೇ ಕಟ್ಟಿಸಿದಳು.

ಪೊಟ್ಟಣ ಅಂಗಡಿಯ ಮೆಟ್ಟಿಲು ಇಳಿಯುವಾಗ ಮಾವನವರು ಎದ್ದು ನಿಂತು, "ಒಂಬತ್ತು ವರ್ಷ, ಒಂದೂ ಕಲೆ ಇಲ್ಲದ ಸರ್ವಿಸ್" ಎಂದು ಸೀರೆಗೆ ಸೆಲ್ಯೂಟ್ ಹೊಡೆದರು.

ಗಂಡ ರಾತ್ರಿ ಊಟಕ್ಕೆ ಕೂತಾಗ ಮುಖ ಊದಿಸಿಕೊಂಡಿದ್ದರು. ಕೇಳಿದರೆ, "ಮೂವತ್ತು ವರ್ಷ ಆತು ನಾ ಈ ಮನ್ಯಾಗ ಇದ್ದು. ನನಗ ಒಮ್ಮೆನೂ ಸೆಲ್ಯೂಟ್ ಹೊಡದಿಲ್ಲ" ಎಂದರು.

ಗೋಡೆಯಾಚೆಯ ಬಾಯಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಎದೆಯೆತ್ತರದ ಗೋಡೆ. ಆಚೆ ಒಬ್ಬ ಕ್ರಿಶ್ಚಿಯನ್ ಹೆಂಗಸು ಒಬ್ಬಳೇ ಇದ್ದಳು, ಅವಳನ್ನು ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದೆವು. ಕೊಂಕಣಿ ಅವಳ ಭಾಷೆ. ನಮ್ಮ ಜೊತೆ ಇದ್ದು ಇದ್ದು ಕನ್ನಡವೂ ಬರುತ್ತಿತ್ತು, ತನಗೆ ಬೇಕಾದಷ್ಟು.

ಒಮ್ಮೆ ಮಾವನವರ ಗಂಟಲು ಕಟ್ಟಿತು. ಡಾಕ್ಟರು ನಾಲ್ಕು ದಿನ ಮಾತಾಡಬಾರದು ಎಂದರು. ಆ ಸಂಜೆ ಎಣಿಕೆ ಇಲ್ಲ ಎಂದು ನಾವೆಲ್ಲ ಆರಾಮಾಗಿ ಕೂತಿದ್ದೆವು. ಏಳು ದಾಟಿ ಹತ್ತು ನಿಮಿಷಕ್ಕೆ ಬಾಯಿ ಕೈಯಲ್ಲಿ ಸೌಟು ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಕಿತೆಂ ಜಾಲೆಂ? ಏನಾತು? ಇವತ್ತು 'ಒಂದು' ಯಾಕ ಇಲ್ಲ?"

ಗಂಟಲು ಕಟ್ಟಿದೆ ಎಂದೆವು.

"ನಿಮಗ ಗಂಟಲು. ನನಗ ಏನು? ನಿಮ್ಮ ಅಜ್ಜ 'ಒಂದು' ಅಂದ್ರ ನಾ ಅನ್ನ ಒಲಿ ಮ್ಯಾಲ ಇಡತೇನಿ. ಇಪ್ಪತ್ತು ವರ್ಷ ಆತು ಮನಿ ಗಡಿಯಾರಕ್ಕ ನಾ ಸೆಲ್ ಹಾಕಿಲ್ಲ!"

ಮಾವನವರು ಎದ್ದು ಒಳಗೆ ಹೋಗಿ ಸ್ಟೀಲಿನ ತಾಟು, ಚಮಚ ತಂದರು. ವರಾಂಡದಲ್ಲಿ ಬೆನ್ನು ಹಾಕಿ ನಿಂತು ಒಮ್ಮೆ ಢಣ್ ಎಂದು ಬಾರಿಸಿದರು. ಅತ್ತೆ "ಎರಡು" ಎಂದರು. ಬಾಯಿ ತೃಪ್ತಿಯಿಂದ ಅನ್ನ ಇಡಲು ಹೋದಳು.

ಮೊಲೆಂ

ಈಗ ನನ್ನ ಗಾಯದ ಕಥೆ. ಮದುವೆಯಾದ ಮೊದಲ ಪಂಚಮಿಗೆ ತವರಿಗೆ ಹೋಗಿದ್ದೆ. ಎಲ್ಲರೂ ಬಂದು ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಗೋವಾಕ್ಕೆ ಹೊರಟರು. ಘಟ್ಟ ಇಳಿದು ಮೊಲೆಂನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ನಾನು ಹೋಟೆಲಿನ ಹಿಂದಿನ ನಳದಲ್ಲಿ ಕೈ ತೊಳೆಯಲು ಹೋದೆ. ಕೈ ತೊಳೆದು ಬರುವಷ್ಟರಲ್ಲಿ ಬಸ್ಸಿಲ್ಲ.

ಆಗ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ನಳದ ಕಟ್ಟೆಗೆ ಕೂತು ಅಳುವುದೊಂದೇ ನನಗೆ ಗೊತ್ತಿದ್ದ ಉಪಾಯ. ನನ್ನನ್ನು ಬಿಟ್ಟುಹೋದರಲ್ಲ, ನಾನು ಲೆಕ್ಕಕ್ಕೇ ಇಲ್ಲವಲ್ಲ ಎಂದು ಅಂದುಕೊಂಡಷ್ಟೂ ಅಳು ಹೆಚ್ಚಾಯಿತು. ಒಂದೂವರೆ ತಾಸಿನ ಮೇಲೆ ಹೋಟೆಲಿನ ಮುಂದೆ ಒಂದು ಅದಿರಿನ ಲಾರಿ ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮೈತುಂಬ ಕೆಂಪು ಕೆಸರು ಮೆತ್ತಿಕೊಂಡ ಮಾವನವರು ಕಾಣಿಸಿದರು.

ಆಗಿದ್ದು ಇಷ್ಟು. ಬಸ್ಸು ಬಿಡುವ ಮೊದಲು ಅವರು ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತು, ಮುಂದೆ ನೋಡಿಕೊಂಡೇ ಎಣಿಸಿದ್ದರು. ಒಂದು, ಎರಡು. ನನ್ನ ಗಂಡ ನಿದ್ದೆಯಲ್ಲೇ ಮೂರು ಅಂದರು, ಅದಕ್ಕೆ ಅವರಿಗೆ ಎಚ್ಚರ ಬೇಕಾಗುವುದಿಲ್ಲ. ನಾದಿನಿ ನಾಲ್ಕು. ಆಮೇಲೆ ಯಾರೂ ಅನ್ನದೆ ಬಸ್ಸೆಲ್ಲ ಸುಮ್ಮನಾಯಿತು. ಹಿಂದಿನ ಸೀಟಿನಲ್ಲಿ ಸವದತ್ತಿ ಕಡೆಯ ಒಬ್ಬ ಮುದುಕಿ ಇದ್ದಳು. ಸರದಿ ತನ್ನದೇ ಬಂತೆಂದು ತಿಳಿದು ಗಟ್ಟಿಯಾಗಿ "ಐದು" ಎಂದಳು. ಬಸ್ಸು ಹೊರಟಿತು.

ಫೋಂಡಾ ಹತ್ತಿರ ಬಂದಾಗ ಅತ್ತೆ ನನಗೆ ಶೇಂಗಾ ಉಂಡಿ ಕೊಡಲು ಹಿಂದೆ ಕೈ ಚಾಚಿದರು. ಅದನ್ನು ಆ ಮುದುಕಿ ಇಸಿದುಕೊಂಡು ತಿಂದಳು. ಆಗ ಗೊತ್ತಾಯಿತು.

ನಳದ ಹತ್ತಿರ ಬಂದ ಮಾವನವರು ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ಅವರು ನೆಟ್ಟಗೆ ನಿಂತು, "ಯಾರನ್ನ ಕೇಳಿ ಸಾಲು ಬಿಟ್ಟಿ? ಎಣಿಕಿ ಸರಿ ಇತ್ತು. ನೀ ತಪ್ಪು!" ಎಂದು ಗದರಿದರು.

ಅವತ್ತಿನಿಂದ ನಾನು ಒಂದೇ ಒಂದು ಮಾತಿಗಾಗಿ ಕಾದೆ. "ಎಣಿಕಿ ತಪ್ಪಿತ್ತು." ಅಷ್ಟೇ ಸಾಕಿತ್ತು. ಅವರು ಅನ್ನಲಿಲ್ಲ. ಹಬ್ಬದಲ್ಲಿ ಕೇಳಿದೆ, ಜ್ವರದಲ್ಲಿ ಕೇಳಿದೆ, ಹೋಳಿಗೆ ಬಡಿಸಿ ಕೇಳಿದೆ. ಹೋಳಿಗೆ ತಿಂದು, "ಎಣಿಕಿ ಸರಿ ಇತ್ತು" ಎನ್ನುತ್ತಿದ್ದರು. ಮೇಲಾಗಿ ಮರುದಿನದಿಂದ ಒಂದು ಹೊಸ ಪದ್ಧತಿ ಶುರುವಾಯಿತು. ಎಲ್ಲರ ನಂಬರನ್ನೂ ಬೆನ್ನು ಹಾಕಿ ಕೇಳುವವರು, ನಾನು "ಐದು" ಎಂದ ಕೂಡಲೇ ತಿರುಗಿ ನನ್ನ ಮುಖ ನೋಡುತ್ತಿದ್ದರು. ನನ್ನೊಬ್ಬಳ ಮೇಲೇ ಸಂಶಯ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಗೆ ದೂರು ಹೇಳಿದರೆ ಅವರು, "ಚಂದ ಅದಿ, ನೋಡ್ಲಿ ಬಿಡವಾ" ಎಂದರು.

ನಾಲ್ಕರ ಬದಲಿ, ಆರರ ಭರ್ತಿ

ನಾದಿನಿಯನ್ನು ವಾಸ್ಕೋಕ್ಕೆ ಕೊಟ್ಟೆವು. ಮದುವೆಯ ಮರುದಿನದಿಂದ ಮಾವನವರೇ "ನಾಲ್ಕು, ಪೋಸ್ಟಿಂಗ್" ಎಂದು ಹೇಳಿ ಮುಂದುವರಿಯುತ್ತಿದ್ದರು. ಹೊಸ ಅಳಿಯ ಮೊದಲ ಹಬ್ಬಕ್ಕೆ ಬಂದವರು ಎಲ್ಲರ ಜೊತೆ ಸಾಲಿನಲ್ಲಿ ನಿಂತು, "ಮಾವಾರ, ನಂದೆಷ್ಟನೇ ನಂಬರ್ರಿ?" ಎಂದು ಆಸೆಯಿಂದ ಕೇಳಿದರು.

"ನೀವು ಬ್ಯಾರೆ ರೆಜಿಮೆಂಟ್ ರೀ. ನಿಮ್ಮ ಅಪ್ಪಾರ ಕಡೆ ಇಸಕೋರಿ" ಎಂದರು ಮಾವನವರು.

ನನ್ನ ಮಗಳು ಮ್ಹಾಪಸಾದ ಆಸ್ಪತ್ರೆಯಲ್ಲಿ ಹುಟ್ಟಿದಳು. ಸಂಜೆ ಏಳಕ್ಕೆ ಸರಿಯಾಗಿ ಎಲ್ಲರೂ ನನ್ನ ಮಂಚದ ಸುತ್ತ ನಿಂತರು. ಮಾವನವರು ಕಿಟಕಿಯ ಕಡೆ ಮುಖ ಮಾಡಿ ಶುರು ಮಾಡಿದರು. ನಾನು ಮಲಗಿಕೊಂಡೇ "ಐದು" ಎಂದೆ, ಅವರು ತಿರುಗಿ ನೋಡಿದರು, ಅಷ್ಟರಲ್ಲಿ ಕೂಸು ಕಿಟಾರನೆ ಕಿರುಚಿತು.

ಮಾವನವರ ಕಣ್ಣು ತುಂಬಿ ಬಂತು. ಒಂದು ವಾರ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು: "ಆರನೇ ನಂಬರು ಮೊದಲನೇ ದಿನಾನ ಹಾಜರಿ ಹೇಳೇತ್ರಿ. ಅದರ ಅವ್ವಗ ಮೂರು ದಿನಾ ಬೇಕಾಗಿತ್ತು."

ಎರಡು, ರಜಾ

ಅತ್ತೆ ತೀರಿಕೊಂಡ ಸಂಜೆ ಎಣಿಕೆ ಆಗಲಿಲ್ಲ. ಅದರ ಮರುದಿನ ಏಳಕ್ಕೆ ಮಾವನವರು ತಾವಾಗಿ ವರಾಂಡಕ್ಕೆ ಬಂದು ನಿಂತರು. ನಾವೂ ಹೋಗಿ ನಿಂತೆವು. "ಒಂದು" ಎಂದರು. ಈಗ ಮುಂದೇನು? ಎಲ್ಲರ ನಂಬರೂ ಒಂದೊಂದು ಮುಂದೆ ಸರಿಯಬೇಕೋ? ಅವರು ತಾವೇ ಹೇಳಿದರು: "ಎರಡು, ರಜಾ."

ಆಮೇಲೆ ದಿನಾ ಹಾಗೆಯೇ. ಅಂಗಳದಲ್ಲಿ ಅತ್ತೆ ನೆಟ್ಟ ಅಬ್ಬಲಿಗೆ ಗಿಡದ ಕಡೆ ನೋಡಿ ಆ ಮಾತು ಹೇಳುತ್ತಿದ್ದರು. ನಲವತ್ತು ವರ್ಷ ಬೆನ್ನ ಹಿಂದೆ ಕೇಳಿದ ದನಿ ಇಲ್ಲದಿದ್ದರೆ ಮನುಷ್ಯನಿಗೆ ಹೇಗಾಗಬೇಡ? ನನಗೆ ದಿನಾ ಅಳು ಬರುತ್ತಿತ್ತು. ಆದರೂ "ಐದು" ಅನ್ನುವಾಗ ಗಟ್ಟಿಯಾಗಿ ಅನ್ನುತ್ತಿದ್ದೆ, ಅವರು ತಿರುಗಿ ನೋಡುತ್ತಾರಲ್ಲ.

ಒಮ್ಮೆ ಬೆಳಗಾವಿಯ ದೂರದ ಬೀಗರೊಬ್ಬರು ಬಂದಿದ್ದರು. ಅವರಿಗೆ ಅತ್ತೆ ಹೋದದ್ದು ಗೊತ್ತಿರಲಿಲ್ಲ. ಎಣಿಕೆ ಕೇಳಿ, "ಓಹೋ, ರಜಾದ ಮ್ಯಾಲ ಹೋಗ್ಯಾರೇನ್ರಿ? ಯಾವಾಗ ಬರ್ತಾರ?" ಎಂದುಬಿಟ್ಟರು.

ಮಾವನವರು ಗಂಭೀರವಾಗಿ ಹೇಳಿದರು: "ಗೊತ್ತಿಲ್ರಿ. ಅರ್ಜಿ ನನ್ನ ಕೈಯಾಗ ಕೊಡಬೇಕಿತ್ತು. ಆಕಿ ನೇರ ಮ್ಯಾಲ ಕಳಿಸಿ ಮಂಜೂರ ಮಾಡಿಸಿಕೊಂಡು ಹೋಗ್ಯಾಳ."

ಮತ್ತೆ ಮೊಲೆಂ

ಕೊನೆಯ ವಾರ ಮಾವನವರು ಆಸ್ಪತ್ರೆಯಲ್ಲಿದ್ದರು. ದನಿ ಇಲ್ಲ, ಬೆರಳು ಎತ್ತಿ ಎಣಿಸುತ್ತಿದ್ದರು. ನಾನು "ಐದು" ಎಂದಾಗ ಕತ್ತು ತಿರುಗಿಸಲು ಆಗದೆ ಕಣ್ಣು ಮಾತ್ರ ತಿರುಗಿಸಿದರು. ಇದೇ ಸಮಯ ಎಂದು ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ: "ಮಾವಾರ, ಇವತ್ತರ ಹೇಳ್ರಿ. ಮೊಲೆಂದಾಗ ಎಣಿಕಿ ತಪ್ಪಿತ್ತು, ಹೌದಲ್ರಿ?"

ಅವರು ಕಣ್ಣು ಮುಚ್ಚಿ ನಿದ್ದೆ ಬಂದಂತೆ ಮಾಡಿದರು. ಮೀಸೆಯ ಕೆಳಗೆ ನಗು ಮಾತ್ರ ಹಾಗೇ ಇತ್ತು. ಎರಡು ದಿನಕ್ಕೆ ಹೋದರು.

ಅಸ್ಥಿಯನ್ನು ಅವರ ಊರಿನ ಹೊಳೆಯಲ್ಲಿ ಬಿಟ್ಟು ಟೆಂಪೋದಲ್ಲಿ ತಿರುಗಿ ಬರುತ್ತಿದ್ದೆವು. ನಾನು, ನನ್ನ ಗಂಡ, ನಾದಿನಿ, ಅವಳ ಗಂಡ, ನನ್ನ ಮಗಳು. ಗೋಡೆಯಾಚೆಯ ಬಾಯಿಯೂ ಹಟ ಮಾಡಿ ಬಂದಿದ್ದಳು. ಸಂಜೆ ಮೊಲೆಂನಲ್ಲಿ ಅದೇ ಹೋಟೆಲಿಗೆ ನಿಂತೆವು. ಚಹಾ ಆಯಿತು. ನಾನು ಅದೇ ನಳಕ್ಕೆ ಹೋದೆ. ಮುಖ ತೊಳೆಯುವ ನೆಪದಲ್ಲಿ ಸ್ವಲ್ಪ ಅತ್ತುಕೊಂಡೆ. ಬಂದು ನೋಡಿದರೆ ಟೆಂಪೋ ಇಲ್ಲ.

ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ತಡೆಯಲಾಗದಷ್ಟು ಅಳು ಬಂತು. ಹೊರಡುವಾಗ ಯಾರೂ "ಒಂದು" ಎಂದಿರಲಿಲ್ಲ. ಅದನ್ನು ಅನ್ನುವವರನ್ನು ಹೊಳೆಗೆ ಬಿಟ್ಟು ಬಂದಿದ್ದೆವು. ಇನ್ನು ನನ್ನನ್ನು ಎಣಿಸುವವರು ಯಾರು?

ಅವತ್ತೂ ಗಲ್ಲಾದ ಮೇಲೆ ಕೂತಿದ್ದ ಮಾಲೀಕರೇ, ಘಟ್ಟದ ಮೇಲಿನ ರಾಮನಗರದ ಕಡೆಯವರು, ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು, ಎದ್ದು ಬಂದು ಫೋನು ಕೊಟ್ಟರು. ನನ್ನ ಫೋನು ಟೆಂಪೋದಲ್ಲಿತ್ತು. ಗಂಡನ ನಂಬರು ನೆನಪಿಗೆ ಬರಲಿಲ್ಲ. ಐದು ಎನ್ನುವುದೊಂದನ್ನು ಬಿಟ್ಟು ಬೇರೆ ಯಾವ ನಂಬರೂ ನನಗೆ ಬಾಯಿಪಾಠ ಇಲ್ಲ.

ಮಾಲೀಕರು ನಳವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ನೀವ ಅಲ್ರಿ, ಹವಾಲ್ದಾರ ಅಜ್ಜಾರ ಐದನೇ ನಂಬರ್ ಸೊಸಿ?"

ಹೌದೆಂದೆ. ಅಜ್ಜ ಹೋದ ಸುದ್ದಿ ಹೇಳಿದೆ. ಅವರು ಕೈ ಮುಗಿದು, "ಹಂಗಾರ ಇನ್ನ ಹೇಳಬಹುದು" ಎಂದರು.

"ಏನ್ರಿ?"

"ಅವತ್ತ ಲಾರಿ ಇಳದವರು ಮೊದಲ ನಿಮ್ಮ ಕಡೆ ಬರಲಿಲ್ರಿ, ನನ್ನ ಕಡೆ ಬಂದ್ರು. 'ಆಕಿ ಅದಾಳೇನು?' ಅಂದ್ರು. ಅದಾರ್ರಿ, ನಳದ ಕಡೆ ಅಳಾಕತ್ತಾರ ಅಂದೆ. ಕುರ್ಚಿ ಮ್ಯಾಲ ಕುಸದು ಕೂತು ಎರಡು ಗ್ಲಾಸ್ ನೀರು ಕುಡದ್ರು. 'ಎಣಿಕಿ ತಪ್ಪಿತೋ ತಮ್ಮಾ. ಕಿವಿ ನಂಬಿದೆ, ಮುಖಾ ನೋಡಲಿಲ್ಲ. ಇನ್ನ ಮ್ಯಾಲ ಆಕಿ ಮುಖಾ ನೋಡಿದ ಹೊರ್ತು ಮುಂದ ಹೋಗಂಗಿಲ್ಲ' ಅಂದ್ರು."

ಇಪ್ಪತ್ತೆರಡು ವರ್ಷ ದಿನಾ ಸಂಜೆ ನನ್ನ ಕಡೆ ತಿರುಗಿದ ಆ ಮುಖವನ್ನು ನಾನು ಸಂಶಯ ಎಂದುಕೊಂಡಿದ್ದೆ.

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?"

"ನಾನೂ ಅದನ್ನ ಕೇಳಿದೆ ರೀ. 'ನಮ್ಮ ಮಂದಿಗೆ ಹೇಳಬ್ಯಾಡ. ಎಣಿಕಿ ತಪ್ಪತೈತಿ ಅಂತ ಗೊತ್ತಾದ್ರ ನಾಳೆ ಒಬ್ರೂ ಸಾಲಿಗೆ ಬರಂಗಿಲ್ಲ' ಅಂದ್ರು. ಆಮ್ಯಾಲ ಮೀಸಿ ಒರಸಿಕೊಂಡು, ಅಂಗಿ ಸರಿ ಮಾಡಿಕೊಂಡು, ನಿಮ್ಮ ಕಡೆ ಹೋಗಿ ಬೈದ್ರು. ಈ ಹಾದಿ ಹಿಡದಾಗೊಮ್ಮೆ ಇಳದು ಚಹಾ ಕುಡದು, ನನ್ನ ನೋಡಿ ತುಟಿ ಮ್ಯಾಲ ಬೆರಳಿಟ್ಟು ಹೋಗತಿದ್ರು."

ಅಷ್ಟರಲ್ಲಿ ಟೆಂಪೋ ಭರ್ರನೆ ತಿರುಗಿ ಬಂತು. ಎಲ್ಲರೂ ಒಟ್ಟಿಗೆ ಕೂಗಾಡುತ್ತ ಇಳಿದರು. ಬಾಯಿ ಎಲ್ಲರನ್ನೂ ಹಿಂದೆ ತಳ್ಳಿ ತಾನೇ ಹೇಳಿದಳು: "ಏಳಾತು. ನಾ ಕಾದೆ. ಯಾರೂ 'ಒಂದು' ಅನ್ನಲಿಲ್ಲ. ನನ್ನ ಹೊಟ್ಟಿ ಕೇಳತದೇನು? ನಾನ ಅಂದೆ. ಮೂರು ಬಂತು, ನಾಲ್ಕು ಬಂತು, ಐದು ಬರಲೇ ಇಲ್ಲ!"

ಗಂಡ ನನ್ನ ಮುಖ ನೋಡಲಾರದೆ ಕೆಮ್ಮಿ, ಅಪ್ಪನದೇ ದನಿಯಲ್ಲಿ, "ನೀ ಯಾರನ್ನ ಕೇಳಿ ಸಾಲು ಬಿಟ್ಟಿ?" ಎಂದರು. ಅವರನ್ನು ಕುರ್ಚಿಯ ಮೇಲೆ ಕೂರಿಸಿದೆ. ಎರಡು ಗ್ಲಾಸ್ ನೀರು ತರಿಸಿ ಕುಡಿಸಿದೆ.

ಟೆಂಪೋ ಹತ್ತಿದೆವು. ಹೊರಟು ನಾಲ್ಕು ಮಾರು ಹೋಗಿರಲಿಲ್ಲ, ಬಾಯಿ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಶುರು ಮಾಡಿದಳು: "ಒಂದು, ರಜಾ."

"ಎರಡು, ರಜಾ" ಎಂದರು ನನ್ನ ಗಂಡ. ಆಮೇಲೆ "ಮೂರು" ಎಂದರು. ನಾದಿನಿ "ನಾಲ್ಕು" ಎಂದಳು.

"ಐದು" ಎಂದೆ, ಮ್ಹಾಪಸಾದ ತನಕ ಕೇಳುವ ಹಾಗೆ.

ಟೆಂಪೋದಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನನ್ನ ಮುಖ ನೋಡಿದರು. ಗಂಡ, ನಾದಿನಿ, ಮಗಳು, ಬಾಯಿ, ಬೇರೆ ರೆಜಿಮೆಂಟಿನ ಅಳಿಯ. ಕೊನೆಗೆ ಡ್ರೈವರೂ ಸ್ಟೇರಿಂಗ್ ಹಿಡಿದುಕೊಂಡೇ ಪೂರ್ತಿ ಹಿಂದೆ ತಿರುಗಿದ.

"ನೀ ರಸ್ತಾ ನೋಡೋ ಮಾರಾಯಾ!" ಎಂದು ಕೂಗಿದೆ. "ನಾ ಇಲ್ಲೇ ಅದೀನಿ!"